ನಿನ್ನ ಹೆಸರಿನವಳಿಗೆ ಕೊಟ್ಟ ಎಣ್ಣೆ

ಅಮ್ಮಾ,

ಇವತ್ತು ನಿನಗೆ ಊಟ ಕೊಟ್ಟು ಬಂದೆ. ನೀನು ತೀರಿಕೊಂಡ ಚಳಿಗಾಲದಲ್ಲೇ ಪಕ್ಕದ ಮನೆಯಲ್ಲಿ ಹುಟ್ಟಿದ ಮಗುವಿಗೆ ನಿನ್ನ ಹೆಸರನ್ನೇ ಇಟ್ಟಿದ್ದಾರೆ, ಚಿಕಿಗಾಕ್ ಅಂತ. ನಮ್ಮವರು ನಂಬುವಂತೆ ಹೆಸರಿನ ಜೊತೆ ನೀನೂ ಅವಳಲ್ಲಿದ್ದೀಯ, ಅವಳು ತಿಂದದ್ದು ನಿನಗೆ ಸೇರುತ್ತದೆ. ಐದು ವರ್ಷವಾಯಿತು, ನಾನು ಕೊಟ್ಟದ್ದು ಇದೇ ಮೊದಲು.

ಸೀಲ್ ಪ್ರಾಣಿಯ ಕೊಬ್ಬಿನಿಂದ ಎಣ್ಣೆಯನ್ನು ನಾನೇ ಇಳಿಸಿದೆ. ಕೊಬ್ಬಿನ ಬಕೆಟ್ಟನ್ನು ತಂಪಿನಲ್ಲಿಡದೆ ಒಲೆಯ ಪಕ್ಕ ಇಟ್ಟುಬಿಟ್ಟಿದ್ದೆ. ಚಿಕಿಗಾಕ್ ಒಣಮೀನನ್ನು ಅದರಲ್ಲಿ ಅದ್ದಿ ತಿಂದು ಮುಖ ಕಿವುಚಿದಳು.

"ಕಹಿ ಕಣೇ ಮಗಳೇ."

ಅವಳ ಅಜ್ಜಿ ನುಯಾಲ್ರಾನ್ ಬಿದ್ದು ಬಿದ್ದು ನಕ್ಕಳು. "ನಿಮ್ಮಮ್ಮ ಬದಲಾಗಿಲ್ಲ ನೋಡು, ಈಗ್ಲೂ ತಪ್ಪು ಹುಡುಕ್ತಾಳೆ!"

ಆದರೂ ಚಿಕಿಗಾಕ್ ತಟ್ಟೆ ಖಾಲಿ ಮಾಡಿದಳು.

ನೀನು ಪಟ್ಟಣಕ್ಕೆ ಕಳಿಸಿದ್ದ ಎಣ್ಣೆ ಖಾಲಿಯಾಯಿತು ಎಂದು ನೀನಿದ್ದಾಗ ನಾನು ಫೋನಿನಲ್ಲಿ ಹೇಳಿದ್ದೆ. ಬಾಡಿಗೆ ಮನೆಗೆ ವಾಸನೆ ಹಿಡಿಯುತ್ತದೆಂಬ ಭಯಕ್ಕೆ ಅದನ್ನು ಚೆಲ್ಲಿಬಿಟ್ಟಿದ್ದೆ. ಹೇಗೆ ಖಾಲಿಯಾಯಿತೆಂದು ನೀನು ಕೇಳಲಿಲ್ಲ. ಇನ್ನೊಂದು ಬಾಟಲಿ ಕಳಿಸಲಾ ಎಂದು ನೀನೇ ಕೇಳಿದೆ.

ನಾನು ಹೊರಡುವಾಗ ಚಿಕಿಗಾಕ್ ಓಡಿ ಬಂದು ಉಳಿದ ಎಣ್ಣೆಯ ಬಾಟಲಿಯನ್ನು ನನ್ನ ಕೈಗಿಟ್ಟಳು.

"ತಗೊಂಡ್ಹೋಗೇ. ಪಟ್ಟಣದಲ್ಲಿ ಇದು ಸಿಗಲ್ವಂತೆ."

ಒಬ್ಬಳೇ ಕೂತು ವಿಮಾನಕ್ಕೆ ಕಾಯುತ್ತಿದ್ದೇನೆ. ಬಾಟಲಿಯ ಮುಚ್ಚಳ ಸಡಿಲ. ಎಣ್ಣೆ ಸೋರಿ ಕೋಟಿಗೆಲ್ಲ ವಾಸನೆ ಹಿಡಿದಿದೆ. ಒರೆಸಿಕೊಳ್ಳಲು ಕೈ ಬರುತ್ತಿಲ್ಲ.