ಪ್ರಗತಿ ಎಂಬವಳ ಆಸ್ಪತ್ರೆ ಕಾಗದ

ಹಾರವಾಡ, ಅಂಕೋಲಾ ತಾಲೂಕು
ಮಂಗಳವಾರ, 10-11-1992

ಬೇಬಿಗೆ ಹೊನ್ನು ಮಾಡುವ ಆಶೀರ್ವಾದ.

ಆಶೀರ್ವಾದ ಎಂದದ್ದು ಕಾಗದದ ವಾಡಿಕೆಗೆ. ನಿನ್ನ ಮೇಲೆ ನನಗೆ ಪ್ರೀತಿ ಇಲ್ಲ, ಇದೆ ಎಂದು ಬರೆದರೆ ನೀನೂ ನಂಬುವುದಿಲ್ಲ. ಪ್ರಗತಿ ಎಂದು ಬರೆಯೋಣವೆಂದರೆ ಕೈ ಓಡಲಿಲ್ಲ; ನಿನಗಿಂತ ಮೊದಲು ತುಳಸಿದಾಸನ ಹೆಂಡತಿಯಾಗಿ ಆ ಮನೆಯಲ್ಲಿ ಅದೇ ಹೆಸರಿನಿಂದ ಏಳು ವರ್ಷ ಬಾಳಿದವಳು ನಾನು. ಅದಕ್ಕೇ ನಿನ್ನ ತಾಯಿ ಕರೆಯುವ ಹೆಸರನ್ನು ಬರೆದಿದ್ದೇನೆ. ನನ್ನದು ಏಳನೇ ಇಯತ್ತೆಯವರೆಗೆ ಕಲಿತ ಕನ್ನಡ, ತಪ್ಪಿದ್ದರೆ ಹೊಂದಿಸಿಕೊಂಡು ಓದು. ಸಿಟ್ಟು ಬಂತೆಂದು ಅರ್ಧಕ್ಕೇ ಹರಿಯಬೇಡ. ಇದರಲ್ಲಿ ನನ್ನ ಜೀವವೂ ಇದೆ, ನಿನ್ನ ಬಾಳೂ ಇದೆ.

ನನ್ನ ಹೊಟ್ಟೆಯಲ್ಲಿ ಮತ್ತೆ ಗಡ್ಡೆ ಎದ್ದಿದೆ. 84ರಲ್ಲಿ, ನಾನಿನ್ನೂ ಬೈತಖೋಲದಲ್ಲಿ ಅವನ ಹೆಂಡತಿಯಾಗಿದ್ದಾಗ, ಕಾರವಾರದ ಆಸ್ಪತ್ರೆಯಲ್ಲಿ ಒಂದು ಗಡ್ಡೆ ತೆಗೆದಿದ್ದರು. ಅದರ ಜೊತೆ ಬಲಗಡೆಯ ಅಂಡಾಶಯವೂ ಹೋಯಿತು. ಎಡಗಡೆಯದು ಚೆನ್ನಾಗಿದೆ, ಮಕ್ಕಳಾಗಲು ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಅತ್ತೆಯ ಕಿವಿಗೆ ಬಿದ್ದದ್ದು 'ತೆಗೆದಿದ್ದಾರೆ' ಎಂಬ ಒಂದು ಮಾತು ಮಾತ್ರ. ಬಂಜೆಯೆಂದು ನನ್ನನ್ನು ಬಿಡಿಸಿದರು; ಮುಂದಿನದು ನಿನಗೆ ಗೊತ್ತು, ಅದರಿಂದಲೇ ನೀನು ಆ ಮನೆ ಹೊಕ್ಕೆ. ಈಗ ಹುಬ್ಬಳ್ಳಿಯ ಡಾಕ್ಟರು, ಹಿಂದಿನ ಗಡ್ಡೆ ಎಂಥದ್ದು, ಪರೀಕ್ಷೆಯಲ್ಲಿ ಏನು ಬಂದಿತ್ತು, ಆ ಕಾಗದ ತಾ, ಆಮೇಲೆ ಕೊಯ್ಯುತ್ತೇನೆ ಎಂದಿದ್ದಾರೆ. ತಡ ಮಾಡಬೇಡ ಎಂದೂ ಹೇಳಿದರು. ಮುಖ ನೋಡದೆ ಹೇಳಿದರು, ನನಗೆ ಅರ್ಥವಾಯಿತು.

ಶುಕ್ರವಾರ ಕಾರವಾರಕ್ಕೆ ಹೋಗಿ ಅರ್ಜಿ ಕೊಟ್ಟೆ. ಹೆಸರು ಪ್ರಗತಿ, ಗಂಡ ತುಳಸಿದಾಸ, ಊರು ಬೈತಖೋಲ. ಗುಮಾಸ್ತ ಒಳಗಿನಿಂದ ಒಂದು ಕಟ್ಟು ತಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಕಾಗದದ ನಕಲು ಕೊಟ್ಟಾಗದೆ ಅಲ್ರಾ. ಮಳೆಗಾಲದಾಗೆ ನಿಮ್ಮ ಯಜಮಾನ್ರೇ ಬಂದು ತಕಂಡು ಹೋಗಾರೆ" ಅಂದ. ನನಗೆಲ್ಲಿಯ ಯಜಮಾನ? ಕಟ್ಟು ಬಿಚ್ಚಿಸಿ ನೋಡಿದ ಮೇಲೆ ತಿಳಿಯಿತು. 84ರ ನನ್ನ ಕಾಗದ, ಈ ಮಳೆಗಾಲದಲ್ಲಿ ದೋಣಿ ದಡಕ್ಕೆ ಎಳೆದ ಮೇಲೆ ಅವನು ನಿನ್ನನ್ನು ತೋರಿಸಲು ಕರೆತಂದಾಗಿನ ಕಾಗದ, ಎರಡನ್ನೂ ಒಂದೇ ದಾರದಲ್ಲಿ ಕಟ್ಟಿದ್ದಾರೆ. ಹೆಸರು ಅದೇ, ಗಂಡ ಅವನೇ, ಊರು ಅದೇ. ಇಬ್ಬರೂ ಒಬ್ಬಳೇ ಹೆಂಗಸು ಎಂದುಕೊಂಡಿದ್ದಾರೆ.

ಅವರನ್ನು ಬೈದು ಏನು ಬಂತು? ಮದುವೆಯ ದಿನ ಅಕ್ಕಿಯಲ್ಲಿ ಬರೆದು ಹೆಣ್ಣಿಗೆ ಹೊಸ ಹೆಸರಿಡುವುದು ನಮ್ಮಲ್ಲಿ ಇದ್ದದ್ದೇ. ನನಗೆ ಪ್ರಗತಿ ಎಂದಿಟ್ಟ ವರ್ಷವೇ ಅವರು ಹೊಸ ದೋಣಿ ನೀರಿಗಿಳಿಸಿದರು, ಅದಕ್ಕೂ ಅದೇ ಹೆಸರು ಬರೆಸಿದರು. ದೋಣಿಗೆ ರಾಶಿ ಬಂಗಡೆ ಬಿತ್ತು, ನನ್ನ ಮಡಿಲು ಬರಿದಾಗಿಯೇ ಉಳಿಯಿತು. ನೀನು ಬಂದಾಗ ಬೇರೆ ಹೆಸರಿಡಬಹುದಿತ್ತು. ಆದರೆ ದೋಣಿಯ ಹೆಸರು ಒಂದು, ಸೊಸೆಯ ಹೆಸರು ಇನ್ನೊಂದು ಆದರೆ ಬಲೆಗೆ ಮೀನು ಬೀಳುವುದಿಲ್ಲ ಎಂದು ಅತ್ತೆ ಹಟ ಹಿಡಿದರಂತೆ. ದೋಣಿಯ ಹೆಸರು ಬದಲಿಸುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ, ಹೆಂಡತಿಯನ್ನು ಬದಲಿಸುವುದಕ್ಕೆ ಆಯಿತು.

ಅವತ್ತೇ ಸಂಜೆ ಅಂಕೋಲೆಯ ಮೀನುಪೇಟೆಯಲ್ಲಿ ಗಂಗೂ ಸಿಕ್ಕಳು, ನಿಮ್ಮ ಕೇರಿಗೇ ಕೊಟ್ಟ ನನ್ನ ಚಿಕ್ಕಪ್ಪನ ಮಗಳು. "ಕೇಳ್ದ್ಯನೆ ಹೊನ್ನಕ್ಕ, ಆ ಬೇಬಿಗೂ ಒಂದ್ ಬದಿ ಇಲ್ವಂತೆ. ಮದ್ವಿಗೆ ಮೊದ್ಲೇ ಕೊಯ್ಸ್ಕಂಡು ಮುಚ್ಚಿಟ್ಟಿದ್ರಂತೆ. ತುಳಸಿದಾಸ ಆಸ್ಪತ್ರೆ ಕಾಗದ ಹಿಡ್ಕಂಡೇ ತೋರಸ್ತಾನೆ" ಅಂದಳು. ಬರುವ ಭಾನುವಾರ ಪಂಚರನ್ನು ಕೂಡಿಸಿ ನಿನ್ನನ್ನು ಬಿಡುತ್ತಾನಂತೆ. ಚೆಂಡಿಯಾದಲ್ಲಿ ಆಗಲೇ ಒಂದು ಹೆಣ್ಣು ನೋಡಿಟ್ಟಿದ್ದಾನಂತೆ.

ಸುಳ್ಳು ಹೇಳುವುದಿಲ್ಲ ಬೇಬಿ, ಕೇಳಿದೊಡನೆ ನನ್ನ ಹೊಟ್ಟೆ ತಣ್ಣಗಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದೇ ಮನಸ್ಸು ಹೇಳಿತು. ನಿನ್ನ ಮದುವೆಯಾದ ಹೊಸತರಲ್ಲಿ ಕಾರವಾರದ ಪೇಟೆಯಲ್ಲಿ ನನ್ನ ಬುಟ್ಟಿಯ ಮುಂದೆ ನಿಂತು, "ಬಂಜಿ ಕೈ ಮೀನು ನಮಗ್ ಬ್ಯಾಡ" ಎಂದು ಪಕ್ಕದವಳ ಹತ್ತಿರ ಹೋದವಳು ನೀನು. ನಾಲ್ಕು ಜನ ಕೇಳುವ ಹಾಗೆ ಹೇಳಿದ್ದೆ. ಅವತ್ತು ಮತ್ತೆ ಯಾರೂ ನನ್ನ ಬುಟ್ಟಿಯ ಕಡೆ ಸುಳಿಯಲಿಲ್ಲ. ಅದನ್ನು ನಾನು ಮರೆತಿಲ್ಲ, ಸಾಯುವವರೆಗೂ ಮರೆಯುವುದಿಲ್ಲ.

ಆದರೂ ಬರೆಯುತ್ತಿದ್ದೇನೆ. ಅವನು ತೋರಿಸುತ್ತಿರುವುದು ನನ್ನ ಕಾಗದ. ಅವನಿಗೆ ಗೊತ್ತಿಲ್ಲದೆ ಆದ ತಪ್ಪು ಎಂದುಕೊಳ್ಳಬೇಡ. ನನ್ನನ್ನು ಕೊಯ್ದ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದವನು ಅವನೇ. ಆಸ್ಪತ್ರೆಯವರು ಎಡವಿದರು, ಅವನಿಗೆ ಅದೇ ಅನುಕೂಲವಾಯಿತು. 'ನನಗೆ ಯಾವತ್ತೂ ಆಪರೇಶನ್ ಆಗಿಲ್ಲ' ಎಂದು ನೀನು ಅಳುತ್ತಿದ್ದೀಯಂತೆ. ಮುದ್ರೆ ಒತ್ತಿದ ಕಾಗದದ ಮುಂದೆ ಹೆಂಗಸಿನ ಅಳು ಯಾರು ಕೇಳುತ್ತಾರೆ? ಗಂಡಸರು ಕೂತ ಪಂಚಾಯಿತಿಯಲ್ಲಿ ನೀನು ಸೀರೆ ಸರಿಸಿ ಹೊಟ್ಟೆ ತೋರಿಸಲಾರೆ, ಅದೇ ಅವನ ಧೈರ್ಯ.

ಹಾಗಾಗಿ ನಾನು ಹೇಳಿದಂತೆ ಮಾಡು. ಅವನು ತೋರಿಸುವುದು ಇಸವಿಯಿಲ್ಲದ ಒಳಗಿನ ಹಾಳೆಯೇ ಇರಬೇಕು. ಮೊದಲ ಹಾಳೆಯನ್ನು ಇಂಗ್ಲಿಷ್ ಬಲ್ಲವರಿಂದ ಓದಿಸು. ಅದರಲ್ಲಿ 84ನೇ ಇಸವಿ ಇದೆ, ತುಳಸಿದಾಸನ ಹೆಂಡತಿ ಎಂದೂ ಇದೆ. ಆಗ ನೀನು ಮಂಜಗುಣಿಯಲ್ಲಿ ಅಪ್ಪನ ಮನೆಯಿಂದ ಶಾಲೆಗೆ ಹೋಗುತ್ತಿದ್ದ ಹುಡುಗಿ. ಕೇರಿಯ ಹಿರಿಯ ಹೆಂಗಸರನ್ನು ಒಳಗೆ ಕರೆಸು, ನಾನೂ ಭಾನುವಾರ ಬರುತ್ತೇನೆ. ಇಬ್ಬರ ಹೊಟ್ಟೆಯನ್ನೂ ನೋಡಲಿ, ಹೊಲಿಗೆಯ ಗೀಟು ಯಾರ ಹೊಟ್ಟೆಯ ಮೇಲಿದೆ ಎಂದು ಅವರೇ ಹೊರಗೆ ಬಂದು ಹೇಳಲಿ. ನಿನ್ನಿಂದ ನನಗೆ ಬೇಕಾದದ್ದು ಒಂದೇ, ಆ ನಕಲು. ಅದು ಮನೆಯಲ್ಲಿ ಎಲ್ಲಿದೆಯೆಂದು ನಿನಗೆ ಗೊತ್ತಿರುತ್ತದೆ. ಆಸ್ಪತ್ರೆಯವರು ನನ್ನ ಅರ್ಜಿ ವಾಪಸು ಕೊಟ್ಟರು, ಇನ್ನೊಂದು ನಕಲಿಗೆ ಅದರ ಮೇಲೆ ಯಜಮಾನರ ಸಹಿ ಕೇಳುತ್ತಾರೆ, ಇಲ್ಲವಾದರೆ ನಾನೇ ಪ್ರಗತಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಅಣ್ಣನ ರೇಶನ್ ಕಾರ್ಡಿನಲ್ಲಿ ನಾನು ಹೊನ್ನು. ನಾನು ಪ್ರಗತಿಯಾಗಿದ್ದೆ ಎಂದು ಬರೆದುಕೊಡಬಲ್ಲವನು ಅವನೊಬ್ಬನೇ.

ಗಂಗೂನ ಹತ್ತಿರ ಹೇಳಿ ಕಳಿಸಿದ್ದರೆ ನಿನಗಿಂತ ಮೊದಲು ಊರಿಗೆಲ್ಲ ಗೊತ್ತಾಗುತ್ತಿತ್ತು, ಅದಕ್ಕೇ ಈ ಕಾಗದ. ನಾಳೆಯೇ ಪೆಟ್ಟಿಗೆಗೆ ಹಾಕುತ್ತೇನೆ, ಶುಕ್ರವಾರದೊಳಗೆ ನಿನ್ನ ಕೈ ಸೇರುತ್ತದೆ.

ಇತಿ,
ನಿನ್ನ ಅಕ್ಕನೂ ಅಲ್ಲದ, ಯಾರೂ ಅಲ್ಲದ
ಹೊನ್ನು

ತಾ.ಕ.: ಸೋಮವಾರ, 16ನೇ ತಾರೀಖು. ಬುಧವಾರ ಬೆಳಿಗ್ಗೆ ಲಕೋಟೆ ಅಂಟಿಸುವುದರೊಳಗೆ ತುಳಸಿದಾಸ ನಮ್ಮ ಅಂಗಳಕ್ಕೆ ಬಂದ. ನಾನು ಆಸ್ಪತ್ರೆಗೆ ಹೋದ ಸುದ್ದಿ ಅವನಿಗೆ ಮುಟ್ಟಿತ್ತು. "ಸಹಿ ನಾ ಹಾಕ್ತೆ. ಭಾನ್ವಾರ ಮುಗಿಯೂ ತಂಕ ನೀ ಬಾಯಿ ಬಿಡೂಕಾಗ, ಅಷ್ಟೇಯ" ಅಂದ. ನಾನು ಒಳಗೆ ಹೋಗಿ ಅರ್ಜಿ ತಂದುಕೊಟ್ಟೆ. ಶುಕ್ರವಾರ ನಕಲು ಸಿಕ್ಕಿತು, ನಾಳೆ ಹುಬ್ಬಳ್ಳಿಗೆ ಹೊರಡುತ್ತೇನೆ. ನಿನ್ನೆ ಪಂಚರು ಕೂತಾಗ ನಾನು ಮನೆಯಲ್ಲೇ ಇದ್ದೆ. ನನಗೆ ಬದುಕಬೇಕಿತ್ತು ಬೇಬಿ. ಮೊದಲ ಹಾಳೆಯ ಝೆರಾಕ್ಸ್ ಇದರೊಳಗಿದೆ, ಇನ್ನು ಮೇಲೆ ಅದನ್ನು ಕೇಳುವವರು ಯಾರಾದರೂ ಇದ್ದರೆ ತೋರಿಸು. ಲಕೋಟೆಯ ಮೇಲೆ ಮೊದಲು ಬೈತಖೋಲ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ನಿನ್ನ ಅಪ್ಪನ ಮನೆಯ ವಿಳಾಸ ಬರೆದಿದ್ದೇನೆ.