ಮೋಡ ಕೂರುವ ಎತ್ತರ

ಮಾರ್ಚ್ 4, ಲ್ಯಾಬ್

ಮತ್ತೆ ಅದೇ. ನೆನೆಸು, ಸ್ಲೈಡ್ ಮೇಲಿಡು, ನೋಡು, ತಲೆ ಕೆರೆದುಕೋ. ಲಿವರ್‌ವರ್ಟ್ — ಪಾಚಿಯ ನೆಂಟ, ತೇವ ಬಿಟ್ಟು ಬದುಕದ ಜಾತಿ. ಬೆಟ್ಟದ ಬುಡದಲ್ಲಿ ಸೆಕೆ, ಬಗೆಗಳು ಕಡಿಮೆ. ತುದಿಯಲ್ಲಿ ಬೋಳು ಬಂಡೆ, ಚಳಿಗಾಳಿ, ಅಲ್ಲೂ ಕಡಿಮೆ. ನಡುವೆ, ಮೋಡ ಕೂರುವ ಕಾಡಿನಲ್ಲಿ ಸಂತೆ. ಪ್ರತಿ ವರ್ಷ ಇದೇ ಕಥೆ.

ಈ ವರ್ಷ ತುದಿಯಿಂದ ಬಂದ ಸ್ಯಾಂಪಲ್ ಪ್ಯಾಕೆಟ್‌ಗಳಲ್ಲೂ ಸಂತೆ. ಹೇಗೆ?

ಮಾರ್ಚ್ 5

ನನ್ನ ಗೈಡ್ ಮೇಡಂ ಕುಣಿಯುವುದೊಂದು ಬಾಕಿ. "ಸೆಕೆ ಜಾಸ್ತಿಯಾಗಿ ಎಲ್ಲಾ ಮೇಲಕ್ಕೆ ಹತ್ತುತ್ತಿವೆ ಕಣಮ್ಮಾ! ಸೋಮವಾರದ ಸೆಮಿನಾರ್‌ನಲ್ಲಿ ಇದನ್ನೇ ಹೇಳು."

ಹತ್ತುತ್ತಿರಬಹುದು. ಒಂದೇ ವರ್ಷದಲ್ಲಾ? ಬಸ್ ಹಿಡಿದವಾ?

ಬಸ್ ಅಂದರೆ ಅಣ್ಣ. ಡ್ರೈವರ್. ನನ್ನ ಮಂಡಿ ಆಪರೇಷನ್ ಆಗಿದ್ದಾಗ ರಜೆ ಹಾಕಿ, ಬೆಟ್ಟ ಹತ್ತಿ, ತುದಿಯ ಸ್ಯಾಂಪಲ್ ತಂದುಕೊಟ್ಟವನು. ಲೇಬಲ್ ಕೂಡ ನನಗಿಂತ ಅಂದವಾಗಿ ಬರೆದಿದ್ದಾನೆ.

ಮಾರ್ಚ್ 7

ತುದಿಯ ಪ್ಯಾಕೆಟ್‌ನ ತಳದಲ್ಲಿ ತೊಗಟೆ ಚೂರು. ಅಲ್ಲಿ ಮರವೇ ಇಲ್ಲವಲ್ಲ! ಇನ್ನೊಂದು ಬಿಚ್ಚಿದೆ — ಅದರಲ್ಲೂ ತೊಗಟೆ. ಗಾಳಿ ತಂದಿತೆ? ಪ್ಯಾಕೆಟ್ ಅದಲುಬದಲಾಯಿತೆ? ಅಣ್ಣ ಸುಳ್ಳು ಹೇಳುವವನಲ್ಲ... ತಲೆ ಕೆಟ್ಟು ಗೊಬ್ಬರ.

ಮಾರ್ಚ್ 8, ಅಣ್ಣನ ಮನೆ

ಕೇಳಿಯೇಬಿಟ್ಟೆ. ಮೊದಲು ನಕ್ಕ. "ನಿನ್ ಪಾಚಿಗೆ ನನ್ಮೇಲೇನೇ ಸಿಟ್ಟು?" ಆಮೇಲೆ ಅಡುಗೆಮನೆಯಲ್ಲಿದ್ದ ಅತ್ತಿಗೆಯ ಕಡೆ ನೋಡಿ ದನಿ ತಗ್ಗಿಸಿದ.

"ಅರ್ಧ ದಾರೀಲಿ ಎದೆ ಹಿಡ್ಕೊಂಡಂಗಾಯ್ತು ಪುಟ್ಟಿ. ಕೂತ್ಬಿಟ್ಟೆ. ಕೂತಲ್ಲೇ ಕೆರೆದು ತುಂಬಿಸ್ದೆ."

"ಅದನ್ನ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಿದ್ದೆ. ಡಿಪೋದವರು ನನ್ ಕೈಯಿಂದ ಸ್ಟೀರಿಂಗ್ ಕಿತ್ಕೋತಿದ್ರು."

ದಿನಾ ಬಸ್ ತುಂಬ ಜನ ಕೂರಿಸಿಕೊಂಡು ಹೋಗುತ್ತಾನೆ. ಬೈಯಲೋ ಅಳಲೋ ಗೊತ್ತಾಗಲಿಲ್ಲ. ಎರಡೂ ಮಾಡಿದೆ.

ಮಾರ್ಚ್ 11, ಆಸ್ಪತ್ರೆ ಬೆಂಚು

ಸೆಮಿನಾರ್ ಮಾಡಲಿಲ್ಲ. ಮೇಡಂ ಮುಖ ಊದಿಸಿಕೊಂಡಿದ್ದಾರೆ.

ಅಣ್ಣನನ್ನು ಹೇಗೋ ಇಲ್ಲಿವರೆಗೆ ತಂದೆ. "ಎಷ್ಟು ಹತ್ತಿದ ಮೇಲೆ ನೋವು ಬಂತು?" ಡಾಕ್ಟರ್ ಕೇಳಿದರು.

"ತುದಿ ಮುಟ್ಟಿದ್ಮೇಲೆ ಸಾರ್. ಬರೀ ಸುಸ್ತು."

ಡಾಕ್ಟರ್ ನನ್ನತ್ತ ತಿರುಗಿದರು. "ನೀವು ಜೊತೆಗಿದ್ರಾ?"

ಇರಲಿಲ್ಲ. ಆದರೆ ಅವನು ತಂದ ಲಿವರ್‌ವರ್ಟ್ ಎಲ್ಲಿ ಬೆಳೆಯುತ್ತದೆ ಅಂತ ಗೊತ್ತಿತ್ತು. "ಅರ್ಧ ದಾರೀಲಿ, ಡಾಕ್ಟ್ರೇ. ಮೋಡ ಕೂರೋ ಜಾಗದಲ್ಲಿ. ಮೇಲಕ್ಕೆ ಹೋಗೇ ಇಲ್ಲ."

ಅಣ್ಣ ನನ್ನ ಮುಖ ನೋಡಲಿಲ್ಲ. ಯೂನಿಫಾರ್ಮ್ ಅಂಗಿ ಬಿಚ್ಚಿ ನನ್ನ ಕೈಗಿಟ್ಟು ಟೆಸ್ಟ್‌ಗೆ ಒಳಗೆ ಹೋದ. ಅಂಗಿ ಮಡಿಲಲ್ಲಿದೆ. ಇನ್ನೂ ಬೆಚ್ಚಗಿದೆ. ನಾನು ಮಾಡಿದ್ದು ಸರಿನಾ... ಅವನ ಕೆಲಸ ಹೋದರೆ ಅತ್ತಿಗೆಗೆ ಏನು ಹೇಳ—

ಟೆಸ್ಟ್ ರೂಮಿನ ಬಾಗಿಲು ತೆರೆಯಿತು. ನರ್ಸ್ ನನ್ನ ಕಡೆಗೇ ಓಡಿ ಬರುತ್ತಿದ್ದಾರೆ—