ಬಾಗಿಲಿಗೆ ಹಾಕಿದ ನೀರು

ಅವ್ವಾ,

ಇವತ್ತು ನಮ್ಮ ಲಗ್ಗೆರೆ ಬೀದಿಗೆ ಗಾಳಿ ಅಳೆಯೋರು ಬಂದಿದ್ರು. ನೀನು ತೀರಿಕೊಂಡ ಮೇಲೆ, ಮನೆ ಹಿಂದಿರೋ ಗ್ರಾನೈಟ್ ಶೆಡ್ಡಿನ ಧೂಳಿನ ಬಗ್ಗೆ ನಾನು ಮಾಲಿನ್ಯ ಮಂಡಳಿಗೆ ಆರು ಸಲ ಅರ್ಜಿ ಕೊಟ್ಟೆ. ಪ್ರತಿ ಸಲವೂ ಒಂದೇ ಉತ್ತರ: ಬಸವೇಶ್ವರನಗರದ ಪಾರ್ಕಿನಲ್ಲಿರೋ ಮೀಟರ್ ಪ್ರಕಾರ ಈ ಕಡೆ ಗಾಳಿ ಚೆನ್ನಾಗಿದೆ. ಕೊನೆಗೆ ನಿನ್ನೆ ಫೋನ್ ಬಂತು, ನಿಮ್ಮ ಬೀದೀಲೇ ಅಳೀತೀವಿ ಅಂತ.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. "ಮನಿಗೆ ಮಂದಿ ಬರ್ತಾರಂದ್ರ ಬಾಗಲಕ್ಕ ನೀರ ಹಾಕಬೇಕು" ಅಂತಿದ್ದೆಯಲ್ಲ, ಬೆಳಿಗ್ಗೆ ಎದ್ದು ಅದನ್ನೇ ಮಾಡಿದೆ. ನನ್ನ ನೋಡಿ ಪಕ್ಕದ ಮನೆ ಪಾಪಮ್ಮಾಂಟಿನೂ ಹಾಕಿದ್ರು. ಆಮೇಲೆ ಇಡೀ ಬೀದಿಯೇ ನೀರು ಹಾಕಿ ರಂಗೋಲಿ ಬಿಟ್ಟಿತು.

ಮೆಷೀನ್ ಎರಡು ಗಂಟೆ ಇಟ್ಟಿದ್ರು. "ನಿಮ್ಮ ಬೀದೀಲಿ ಧೂಳೇ ಇಲ್ವಲ್ಲಮ್ಮ" ಅಂತ ಆಫೀಸರ್ ಬರ್ಕೊಂಡು ಹೋದ್ರು. ಅವರ ಜೀಪು ತಿರುಗೋಷ್ಟರಲ್ಲಿ ನೀರು ಆರಿ, ಧೂಳು ಮೊದಲಿನ ಹಾಗೇ ಎದ್ದಿತ್ತು.

ಡಾಕ್ಟರ ಹತ್ರ ಹೋಗೋ ದಿನ ನಿನಗೂ ಹಿಂಗೇ ಮಾಡಿದ್ದೆ. ಮುಖ ತೊಳೆಸಿ, ಪೌಡರ್ ಹಚ್ಚಿ, ಇಳಕಲ್ ಸೀರೆ ಉಡಿಸಿದ್ದೆ. "ಚೆನ್ನಾಗೇ ಇದಾರಲ್ಲ" ಅಂತ ಅವರು ಬರೀ ಕೆಮ್ಮಿನ ಸಿರಪ್ ಬರೆದುಕೊಟ್ಟರು.

ಆಟೋದಲ್ಲಿ ವಾಪಸ್ ಬರುವಾಗ ನಾನು ಎಷ್ಟು ಖುಷಿಯಾಗಿದ್ದೆ.